ಗಡಿ ಮುಂದೆ ಹೋಯಿತು, ಸಯನ್ ಇಲ್ಲೇ ಉಳಿಯಿತು

ಮುಂಬಯಿಯ ಸೆಂಟ್ರಲ್ ಲೈನಿನ ಸ್ಲೋ ಲೋಕಲ್ ಮಾಟುಂಗ ದಾಟುತ್ತಿದ್ದಂತೆ ಮುಂದಿನ ನಿಲ್ದಾಣದ ಹೆಸರು ಎರಡು ಬಗೆಯಲ್ಲಿ ಕೇಳಿಸುತ್ತದೆ. ಮರಾಠಿ ಘೋಷಣೆಯಲ್ಲಿ ಅದು ‘ಶೀವ’. ಹಿಂದಿ, ಇಂಗ್ಲಿಷ್ ಘೋಷಣೆಗಳಲ್ಲಿ ‘ಸಾಯನ್’. ಮುಂಬಯಿ ಕನ್ನಡಿಗರು ಬರೆಯುವುದು ‘ಸಯನ್’ ಎಂದು. ಹೊಸದಾಗಿ ಬಂದವರು ಇವು ಬೇರೆ ಬೇರೆ ನಿಲ್ದಾಣ ಎಂದುಕೊಂಡು ಬಾಗಿಲಲ್ಲಿ ನಿಂತು ತಬ್ಬಿಬ್ಬಾಗುವುದುಂಟು.

ಶೀವ ಎಂದರೆ ಗಡಿ, ಊರಿನ ಎಲ್ಲೆ. ಕನ್ನಡಿಗರಿಗೆ ಈ ಪದ ದೂರದ್ದಲ್ಲ. ಸಂಸ್ಕೃತದ ‘ಸೀಮಾ’ ಮರಾಠಿ ಬಾಯಲ್ಲಿ ಶೀವ ಆಯಿತು, ನಮ್ಮ ಬಾಯಲ್ಲಿ ಸೀಮೆ ಆಯಿತು. ಹೊರಗಿನಿಂದ ಬಂದ ವಸ್ತುಗಳಿಗೆಲ್ಲ ನಮ್ಮ ಹಿರಿಯರು ಇದೇ ಪದವನ್ನು ಹಚ್ಚಿದರು: ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಬದನೆ. ಆ ಲೆಕ್ಕದಲ್ಲಿ ಸಯನ್‌ನಲ್ಲಿ ಬಾಡಿಗೆಗಿರುವ ನಾನೂ ಒಬ್ಬ ಸೀಮೆ ಮನುಷ್ಯ. ಪೋರ್ಚುಗೀಸರ ಕಾಲದ ಪಾದ್ರಿಗಳು ಜೆರುಸಲೇಮಿನ ಝಯಾನ್ ಬೆಟ್ಟದ ನೆನಪಿಗೆ ಈ ಹೆಸರಿಟ್ಟರು ಎಂಬ ಇನ್ನೊಂದು ಕಥೆಯೂ ಇಲ್ಲಿ ಓಡಾಡುತ್ತಿದೆ. ಕಥೆ ಚೆನ್ನಾಗಿದೆ. ಆದರೆ ನಕ್ಷೆ ಬಿಡಿಸಿ ನೋಡಿದರೆ ಮರಾಠಿ ಹೆಸರೇ ಸರಿ ಎನಿಸುತ್ತದೆ.

ನಾನು ಕುಂದಾಪುರದ ಕಡೆಯವನು. ಸುರತ್ಕಲ್‌ನಲ್ಲಿ ಎಂ.ಟೆಕ್. ಮುಗಿಸಿದಾಗ ಗೆಳೆಯರೆಲ್ಲ ಬೆಂಗಳೂರಿನ ಬಸ್ಸು ಹತ್ತಿದರು, ನನಗೆ ಸಿಕ್ಕಿದ್ದು ಮುಂಬಯಿಯ ಕೆಲಸ. “ಸಾಫ್ಟ್‌ವೇರ್‌ನವ ಬೆಂಗಳೂರು ಬಿಟ್ಟು ಬೊಂಬಾಯಿಯಲ್ಲಿ ಎಂತ ಮಾಡ್ತಾನೆ?” ಎಂದು ಊರಿನಲ್ಲಿ ಈಗಲೂ ಕೇಳುವವರಿದ್ದಾರೆ. ಆಫೀಸು ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ. ಹತ್ತಿರವಾಗುತ್ತದೆ ಎಂಬ ಒಂದೇ ಕಾರಣಕ್ಕೆ ಸಯನ್‌ನಲ್ಲಿ ಮನೆ ಹಿಡಿದೆ. ಒಂಬತ್ತು ವರ್ಷವಾಯಿತು. ಇಷ್ಟು ವರ್ಷದಲ್ಲಿ ನನಗೆ ಅನ್ನಿಸಿದ್ದು ಇಷ್ಟು: ಮುಂಬಯಿಯನ್ನು ಒಂದೇ ಮಹಾನಗರ ಎಂದು ನೋಡಿದರೆ ಅದು ಕೈಗೆ ಸಿಗುವುದಿಲ್ಲ. ಅದು ಒಂದಕ್ಕೊಂದು ಅಂಟಿಕೊಂಡ ಹತ್ತಾರು ಹಳ್ಳಿಗಳ ರಾಶಿ. ಸಯನ್ ಅವುಗಳಲ್ಲಿ ಒಂದು. ಅದಕ್ಕೆ ತನ್ನದೇ ಚರಿತ್ರೆ ಇದೆ, ಗುಡ್ಡ-ಕೆರೆ ಇದೆ, ಸ್ವಭಾವವೂ ಇದೆ. ಆ ಸ್ವಭಾವ ಗಡಿಯೂರಿನ ಸ್ವಭಾವ.

ಉಪ್ಪಿನ ಆಗರದ ಊರು

ಮುಂಬಯಿ ಏಳು ದ್ವೀಪಗಳಾಗಿತ್ತು ಎಂದು ಶಾಲೆಯಲ್ಲಿ ಓದಿದ್ದೇವೆ. ಅವುಗಳಲ್ಲಿ ಪರೇಲ್ ದ್ವೀಪದ ಉತ್ತರದ ತುದಿಯಲ್ಲಿದ್ದ ಹಳ್ಳಿ ಸಯನ್. ಅದರಾಚೆ ಕೊಲ್ಲಿಯ ನೀರು, ಕೆಸರು, ಕಾಂಡ್ಲಾ ಗಿಡಗಳು. ನೀರಿನ ಆಚೆ ದಡದಲ್ಲಿ ಕುರ್ಲಾ, ಅಂದರೆ ಸಾಷ್ಟಿ ಎಂಬ ಇನ್ನೊಂದು ದೊಡ್ಡ ದ್ವೀಪ. ಇಲ್ಲಿನವರ ಬದುಕು ಉಪ್ಪು, ಭತ್ತ, ಮೀನು. ಉಪ್ಪಿನ ಗದ್ದೆಗೆ ಇಲ್ಲಿಯೂ ‘ಆಗರ’ ಎಂದೇ ಹೆಸರು, ಅದರಲ್ಲಿ ದುಡಿದ ಸಮುದಾಯ ‘ಆಗ್ರಿ’ ಆದದ್ದು ಆ ಪದದಿಂದಲೇ. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಆಗರಗಳನ್ನು, ಕುಮಟಾ ಕಡೆಯ ಗಜನಿ ಗದ್ದೆಗಳನ್ನು ನೋಡಿದವರು ಹಳೆಯ ಸಯನ್ ಹೇಗಿತ್ತು ಎಂದು ಊಹಿಸಲು ಹೆಚ್ಚು ಕಷ್ಟಪಡಬೇಕಿಲ್ಲ. ಒಡ್ಡು ಕಟ್ಟಿ ಉಪ್ಪುನೀರನ್ನು ಹಿಡಿದು, ಒಣಗಿಸಿ, ಒಡ್ಡು ಒಡೆದರೆ ಮತ್ತೆ ಕಟ್ಟುವ ಬದುಕು ಎರಡೂ ಕಡೆ ಒಂದೇ.

1661ರಲ್ಲಿ ಪೋರ್ಚುಗಲ್‌ನ ರಾಜಕುಮಾರಿ ಕ್ಯಾಥರೀನ್ ಇಂಗ್ಲೆಂಡಿನ ಎರಡನೇ ಚಾರ್ಲ್ಸ್‌ನನ್ನು ಮದುವೆಯಾಗುವ ಒಪ್ಪಂದದಲ್ಲಿ ಮುಂಬಯಿ ಬಳುವಳಿಯಾಗಿ ಹೋದ ಕಥೆ ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು, ಆ ಬಳುವಳಿಯ ಅಳತೆಯ ಜಗಳ. ಮುಂಬಯಿ ಎಂದರೆ ಎಲ್ಲಿಯವರೆಗೆ? ದಕ್ಷಿಣದ ಪುಟ್ಟ ದ್ವೀಪ ಮಾತ್ರ ಎಂದು ಇಲ್ಲಿನ ಪೋರ್ಚುಗೀಸರು, ಮಾಹಿಮ್, ಧಾರಾವಿ, ಸಯನ್, ವಡಾಲಾ ಎಲ್ಲವೂ ಸೇರುತ್ತದೆ ಎಂದು ಇಂಗ್ಲಿಷರು. 1665ರಲ್ಲಿ ಹಂಫ್ರಿ ಕುಕ್ ಎಂಬ ಇಂಗ್ಲಿಷ್ ಅಧಿಕಾರಿ ಮುಂಬಯಿಯನ್ನು ವಶಕ್ಕೆ ತೆಗೆದುಕೊಂಡು, ಮಾತುಕತೆಗೆ ಹೆಚ್ಚು ಕಾಯದೆ ಈ ಹಳ್ಳಿಗಳನ್ನೂ ಸೇರಿಸಿಕೊಂಡ. ಗಡಿಯ ಗೆರೆ ಎಲ್ಲಿ ಎಂಬ ಜಗಳ ಕನ್ನಡಿಗರಿಗೆ ಹೊಸತಲ್ಲವಲ್ಲ. ಸಯನ್ ಮುಂಬಯಿಗೆ ಸೇರಿದ್ದೇ ಅಂಥ ಒಂದು ಜಗಳದಲ್ಲಿ. 1668ರಲ್ಲಿ ರಾಜ ಇಡೀ ಮುಂಬಯಿಯನ್ನು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಸಯನ್‌ನಲ್ಲಿ ಈಗಿನ ಬಾಡಿಗೆ ಕಟ್ಟುವವರು ಈ ವಾಕ್ಯವನ್ನು ಎರಡು ಸಲ ಓದಿಕೊಳ್ಳುತ್ತಾರೆ.

ಕಂಪನಿಯ ಗವರ್ನರ್ ಜೆರಾಲ್ಡ್ ಆಂಜಿಯರ್ ಕಾಲದಲ್ಲಿ, 1669ರಿಂದ 1677ರ ನಡುವೆ, ಸಯನ್‌ನ ಗುಡ್ಡದ ಮೇಲೆ ಕೋಟೆ ಎದ್ದಿತು. ಕೋಟೆ ಎಂದಾಕ್ಷಣ ಚಿತ್ರದುರ್ಗವನ್ನೋ ಮಿರ್ಜಾನನ್ನೋ ಕಣ್ಣ ಮುಂದೆ ತಂದುಕೊಳ್ಳಬೇಡಿ. ಇದು ಕಪ್ಪು ಕಲ್ಲಿನ ಒಂದು ಸಣ್ಣ ಕಾವಲುಮನೆ. ಬುಡದಿಂದ ನಿಧಾನವಾಗಿ ಹತ್ತಿದರೂ ಕಾಲು ಗಂಟೆ ಬೇಡ. ಆದರೆ ಮೇಲೆ ನಿಂತರೆ ಅದನ್ನು ಅಲ್ಲೇ ಯಾಕೆ ಕಟ್ಟಿದರು ಎಂಬುದು ಹೇಳಿಕೊಡದೆ ತಿಳಿಯುತ್ತದೆ. ಪೂರ್ವಕ್ಕೆ ಠಾಣೆ ಕೊಲ್ಲಿ ಮತ್ತು ಉಪ್ಪಿನ ಗದ್ದೆಗಳ ಕಡೆ, ಉತ್ತರಕ್ಕೆ ಕುರ್ಲಾ ಕಡೆ ನೋಟ ತೆರೆದುಕೊಳ್ಳುತ್ತದೆ. ಆಚೆ ದಡದಿಂದ ಯಾರು ಬರುತ್ತಾರೆ ಎಂದು ನೋಡುತ್ತಿರುವುದೇ ಇದರ ಕೆಲಸವಾಗಿತ್ತು.

1737ರಲ್ಲಿ ಮರಾಠರು ಸಾಷ್ಟಿಯ ಮೇಲೆ ಬಂದರು. ಅದೇ ವರ್ಷ ಗವರ್ನರ್ ಜಾನ್ ಹಾರ್ನ್ ಧಾರಾವಿಯಲ್ಲಿ ಇನ್ನೊಂದು ಕಾವಲು ಕೋಟೆ ಕಟ್ಟಿಸಿದ. ಅದೇ ಇಂದಿನ ಕಾಲಾ ಕಿಲ್ಲಾ. ಅವನ ಹೆಸರು ಮತ್ತು ಇಸವಿಯ ಕಲ್ಲು ಗೋಡೆಯಲ್ಲಿದೆ, ಸುತ್ತ ಮನೆಗಳು ಒತ್ತೊತ್ತಾಗಿ ಬೆಳೆದಿವೆ. 1739ರಲ್ಲಿ ಚಿಮಾಜಿ ಅಪ್ಪಾ ವಸಯಿಯನ್ನು ಗೆದ್ದ ಮೇಲೆ ಸಯನ್‌ನ ಆಚೆ ದಡ ಪೇಶ್ವೆಯರದಾಯಿತು. 1774ರ ಕೊನೆಗೆ ಇಂಗ್ಲಿಷರು ಠಾಣೆಯನ್ನು ಹಿಡಿದರು, 1782ರ ಸಾಲ್‌ಬಾಯಿ ಒಪ್ಪಂದದಲ್ಲಿ ಸಾಷ್ಟಿ ಅವರಿಗೇ ಉಳಿಯಿತು. ಅಲ್ಲಿಗೆ ಸಯನ್ ಕೋಟೆಯ ಕೆಲಸ ಮುಗಿಯಿತು. ಆಚೆ ದಡವೂ ಈಚೆ ದಡವೂ ಒಬ್ಬರದೇ ಆದಾಗ ಕಾಯುವುದು ಯಾರನ್ನು?

ಕಾಯುವ ಕೆಲಸ ಹೋಗಿ ದಾಟಿಸುವ ಕೆಲಸ ಬಂತು. ಗವರ್ನರ್ ಜೊನಾಥನ್ ಡಂಕನ್ 1798ರಲ್ಲಿ ಸಯನ್‌ನಿಂದ ಕುರ್ಲಾಕ್ಕೆ ನೀರು-ಕೆಸರಿನ ಮೇಲೆ ಒಡ್ಡಿನ ರಸ್ತೆ ಶುರುಮಾಡಿಸಿದ. ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಅದು ಮುಗಿದು ದೋಣಿಯ ಜಾಗಕ್ಕೆ ಗಾಡಿ ಬಂತು. 1853ರ ಏಪ್ರಿಲ್ 16ರಂದು ಭಾರತದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಹೊರಟು ಠಾಣೆಗೆ 34 ಕಿಲೋಮೀಟರ್ ಓಡಿದಾಗ ಸಯನ್‌ನ ಈ ಕೆಸರು ಭೂಮಿಯನ್ನು ಮಣ್ಣು ತುಂಬಿದ ಏರಿಯ ಮೇಲೆಯೇ ದಾಟಿತು. ಹದಿನಾಲ್ಕು ಬೋಗಿ, ಸುಮಾರು ನಾನೂರು ಜನ, ಮೂರು ಎಂಜಿನ್. ಉಪ್ಪು ಒಣಗಿಸುತ್ತಿದ್ದ ಹಳ್ಳಿಗರು ತಲೆಯೆತ್ತಿ ನೋಡಿರಬೇಕು.

ಗೆರೆ ಇನ್ನೂ ಅಳಿಸಿಲ್ಲ

ಗಡಿ ಅಲ್ಲಿಂದ ಮುಂದೆ ಸರಿಯುತ್ತಲೇ ಹೋಯಿತು. ಸ್ವಾತಂತ್ರ್ಯ ಬಂದಾಗಲೂ ಮುಂಬಯಿ ನಗರಪಾಲಿಕೆಯ ಉತ್ತರದ ತುದಿ ಮಾಹಿಮ್-ಸಯನ್‌ನಲ್ಲೇ ಇತ್ತು. 1950ರಲ್ಲಿ ಮತ್ತು 1957ರಲ್ಲಿ ಎರಡು ಹೆಜ್ಜೆಯಲ್ಲಿ ಅದು ದಹಿಸರ್, ಮುಲುಂಡ್‌ವರೆಗೆ ಹೋಯಿತು. ಈಗ ಜನರ ಬಾಯಲ್ಲಿ ಮುಂಬಯಿ ಎಂದರೆ ವಿರಾರ್, ಕಲ್ಯಾಣ, ಪನ್ವೇಲ್‌ವರೆಗೂ ಸೇರಿತು. ಸಯನ್ ನಗರದ ಕೊನೆಯಲ್ಲಿದ್ದದ್ದು ನಡುವಿಗೆ ಬಂದು ಬಿಟ್ಟಿದೆ.

ಹಾಗಿದ್ದರೂ ಹಳೆಯ ಗೆರೆ ಅಳಿಸಿಲ್ಲ. ನಂಬಿಕೆ ಬರದಿದ್ದರೆ ಚೆಂಬೂರಿನಲ್ಲಿ ಆಟೊ ಹತ್ತಿ ದಾದರಿಗೆ ಬಿಡಿ ಎಂದು ಕೇಳಿ ನೋಡಿ. ಸಯನ್‌ಗೆ ಬಂದು ನಿಲ್ಲಿಸಿ, ಇಳಿಯಿರಿ ಎನ್ನುತ್ತಾರೆ. ಮುಂಬಯಿ ದ್ವೀಪದೊಳಗೆ ಆಟೊರಿಕ್ಷಾಗಳಿಗೆ ಪ್ರವೇಶವಿಲ್ಲ. ಪಶ್ಚಿಮದಲ್ಲಿ ಬಾಂದ್ರಾ, ಪೂರ್ವದಲ್ಲಿ ಸಯನ್, ಅಲ್ಲಿಗೆ ಮುಗಿಯಿತು, ಮುಂದೆ ಟ್ಯಾಕ್ಸಿಯೋ ಬಸ್ಸೋ. 1990ರಲ್ಲಿ ಮುಂಬಯಿಯನ್ನು ನಗರ ಜಿಲ್ಲೆ, ಉಪನಗರ ಜಿಲ್ಲೆ ಎಂದು ಒಡೆದಾಗಲೂ ಗೆರೆ ಎಳೆದದ್ದು ಇಲ್ಲೇ. ಹಂಫ್ರಿ ಕುಕ್ ಎಳೆದ ಗೆರೆಯನ್ನು ಇಂದಿಗೂ ಆಟೊ ಚಾಲಕರು ಪಾಲಿಸುತ್ತಿದ್ದಾರೆ. ನಮ್ಮ ಕೆಲಸದ ಭಾಷೆಯಲ್ಲಿ ಹೇಳುವುದಾದರೆ ಸಯನ್ ಒಂದು ಗೇಟ್‌ವೇ. ಎಲ್ಲವೂ ಇದರ ಮೂಲಕ ಹೋಗಬೇಕು, ಹೋಗುವ ಯಾರೂ ಇಲ್ಲಿಗೆಂದು ಬಂದವರಲ್ಲ.

ಫಾಸ್ಟ್ ಲೋಕಲ್‌ಗಳು ಸಯನ್‌ನಲ್ಲಿ ನಿಲ್ಲುವುದಿಲ್ಲ. ದಾದರ್ ಬಿಟ್ಟರೆ ಕುರ್ಲಾ. ಈಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿ, ಪನ್ವೇಲ್ ಕಡೆಯ ಹೆದ್ದಾರಿ, ಬಾಂದ್ರಾದ ಲಿಂಕ್ ರೋಡ್ ಎಲ್ಲವೂ ಇಲ್ಲಿ ಒಂದನ್ನೊಂದು ತೊಡರಿಕೊಳ್ಳುತ್ತವೆ. ದೇಶದ ಎಷ್ಟೋ ಲಕ್ಷ ಜನ ಸಯನ್ ಸರ್ಕಲ್‌ನ ಟ್ರಾಫಿಕ್ಕಿನಲ್ಲಿ ಬೆವರು ಒರೆಸಿಕೊಂಡಿದ್ದಾರೆ, ಸಯನ್ ನೋಡಿದವರು ಕಡಿಮೆ. ಹೆದ್ದಾರಿ ಬಿಟ್ಟು ಒಳರಸ್ತೆಗೆ ತಿರುಗಿದರೆ ಬೇರೆಯೇ ಊರು: ಹಳೆಯ ಮೂರಂತಸ್ತಿನ ಕಟ್ಟಡಗಳು, ಮಳೆಮರಗಳ ನೆರಳು, ಬೆಳಿಗ್ಗೆ ಫಿಲ್ಟರ್ ಕಾಫಿಯ ವಾಸನೆ, ಸಂಜೆ ಸಮೋಸಾ ಎಣ್ಣೆಯ ವಾಸನೆ, ಗಣಪತಿ ಬಿಡುವ ಕೆರೆ. ಎಲ್ಲರಿಗೂ ಎಲ್ಲರ ಮನೆಯ ವಿಷಯ ಗೊತ್ತಿರುವ ಕಿರಿಕಿರಿಯೂ ಇದೆ. ಅದಿಲ್ಲದೆ ಸಣ್ಣ ಊರಾಗುವುದು ಹೇಗೆ?

ಮಾರಿಯನ್ನು ಗಡಿ ದಾಟಿಸುವುದು

ನಮ್ಮ ಕಡೆ ಊರಿಗೆ ರೋಗ-ರುಜಿನ ಬಂದರೆ ಮಾರಿಯನ್ನು ಗಡಿ ದಾಟಿಸುವ ಪದ್ಧತಿ ಇತ್ತು. ಪೂಜೆ ಮಾಡಿ, ವಾದ್ಯ ಬಾರಿಸಿ, ಊರಿನ ಎಲ್ಲೆಯಲ್ಲಿ ಬಿಟ್ಟು ಹಿಂದೆ ತಿರುಗಿ ನೋಡದೆ ಬರಬೇಕು. ಆಚೆ ಊರಿನವರು ಏನು ಮಾಡಬೇಕು ಎಂದು ಯಾರೂ ಕೇಳುತ್ತಿರಲಿಲ್ಲ. ಮುಂಬಯಿ ತನ್ನ ಗಡಿಯಲ್ಲಿ ಮಾಡಿದ್ದೂ ಇದನ್ನೇ. ಚರ್ಮ ಹದ ಮಾಡುವ ಕಾರ್ಖಾನೆಗಳು 19ನೇ ಶತಮಾನದ ಕೊನೆಯ ಹೊತ್ತಿಗೆ ಸಯನ್‌ನ ಮಗ್ಗುಲಿನ ಧಾರಾವಿಗೆ ಬಂದವು. ನಗರದ ಬೀದಿಗಳಲ್ಲಿದ್ದ ಕುಷ್ಠರೋಗಿಗಳಿಗಾಗಿ 1890ರಲ್ಲಿ ಪಾಲಿಕೆಯ ಕಮಿಷನರ್ ಆಕ್ವರ್ತ್ ಆಶ್ರಯಧಾಮ ತೆರೆದದ್ದು ಪಕ್ಕದ ಮಾಟುಂಗ-ವಡಾಲಾ ಬಯಲಿನಲ್ಲಿ. ಮಾಹಿಮ್ ಕೊಲ್ಲಿಯ ದಡ ನಗರದ ಕಸ ಸುರಿಯುವ ಜಾಗವಾಯಿತು. ನಾತ ಬರುವುದು, ನೋಡಲಾಗದ್ದು, ಮುಟ್ಟಲಾಗದ್ದು ಎಲ್ಲ ಗಡಿಗೆ.

ಹೀಗೆ ಬಂದದ್ದನ್ನು ಗಡಿಯೂರು ಏನು ಮಾಡಿತು ಎಂಬುದರಲ್ಲಿ ಸಯನ್‌ನ ನಿಜವಾದ ಗುಣ ಇದೆ. ಎರಡು ಉದಾಹರಣೆ ಸಾಕು.

ಮೊದಲನೆಯದು ಕಸದ ರಾಶಿಯದು. ಆ ಜಾಗದಲ್ಲಿ ಕಸ ಸುರಿಯುವುದನ್ನು ನಿಲ್ಲಿಸಿ, ಮಣ್ಣು ಹೊದಿಸಿ, ಗಿಡ ನೆಟ್ಟು, 37 ಎಕರೆಯ ಮಹಾರಾಷ್ಟ್ರ ನಿಸರ್ಗ ಉದ್ಯಾನ ಮಾಡಿದರು. 1994ರಲ್ಲಿ ಅದು ಜನರಿಗೆ ತೆರೆಯಿತು. ಸಯನ್-ಬಾಂದ್ರಾ ಲಿಂಕ್ ರೋಡಿನ ಹೊಗೆಯಿಂದ ಒಳಗೆ ನಾಲ್ಕು ಹೆಜ್ಜೆ ಇಟ್ಟರೆ ಹಕ್ಕಿಗಳ ಸದ್ದು ಕೇಳುತ್ತದೆ, ಚಿಟ್ಟೆಗಳು ಕಾಣುತ್ತವೆ. ಒಂದು ಪಕ್ಕ ಮೀಠಿ ನದಿ ಕೊಲ್ಲಿಗೆ ಸೇರುವ ಕಾಂಡ್ಲಾವನ. ಕಾಲಡಿ ಇರುವುದು ಇಡೀ ನಗರದ ಹಳೆಯ ಕಸ ಎಂದು ಗೊತ್ತಿಲ್ಲದವರಿಗೆ ಗೊತ್ತೇ ಆಗುವುದಿಲ್ಲ.

ಎರಡನೆಯದು ನಾವೆಲ್ಲ ‘ಸಯನ್ ಆಸ್ಪತ್ರೆ’ ಎನ್ನುವ ಲೋಕಮಾನ್ಯ ತಿಲಕ್ ಪಾಲಿಕೆ ಆಸ್ಪತ್ರೆಯದು. 1947ರಲ್ಲಿ ಸೈನ್ಯದ ಹಳೆಯ ಬ್ಯಾರಕ್‌ಗಳಲ್ಲಿ 50 ಹಾಸಿಗೆಯಿಂದ ಶುರುವಾದದ್ದು. 1964ರಲ್ಲಿ ಅದರೊಂದಿಗೆ ವೈದ್ಯಕೀಯ ಕಾಲೇಜು ಬಂತು. ಈಗ ಸಾವಿರಕ್ಕೂ ಹೆಚ್ಚು ಹಾಸಿಗೆಗಳಿವೆ. ಹೆದ್ದಾರಿಗಳು ಕೂಡುವ ಜಾಗವಾದ್ದರಿಂದ ರಸ್ತೆ ಅಪಘಾತದ ಗಾಯಾಳುಗಳು ಇಲ್ಲಿಗೆ ಬರುತ್ತಾರೆ, ಧಾರಾವಿಯ ಬಸುರಿಯರು ಇಲ್ಲಿಗೇ ಬರುತ್ತಾರೆ. ಎಷ್ಟು ಜನ ಬಂದರೂ ಬಾಗಿಲು ಹಾಕುವಂತಿಲ್ಲ. ಫುಟ್‌ಪಾತಿನಲ್ಲಿ ಸ್ಟೀಲ್ ಡಬ್ಬಿ ಹಿಡಿದು ಕುಳಿತ ರೋಗಿಗಳ ಕಡೆಯವರಲ್ಲಿ ಕಲಬುರಗಿ, ವಿಜಯಪುರದ ಕನ್ನಡ ಎಷ್ಟೋ ಸಲ ಕಿವಿಗೆ ಬಿದ್ದಿದೆ.

ಇದೇ ಆಸ್ಪತ್ರೆಯಲ್ಲಿ 1989ರಲ್ಲಿ ನವಜಾತ ಶಿಶುಗಳ ವಿಭಾಗದ ಡಾ. ಅರ್ಮಿಡಾ ಫರ್ನಾಂಡಿಸ್ ಎದೆಹಾಲಿನ ಬ್ಯಾಂಕ್ ಆರಂಭಿಸಿದರು. ಏಷ್ಯಾದಲ್ಲೇ ಅದು ಮೊದಲನೆಯದು. ತಿಂಗಳು ತುಂಬದೆ ಹುಟ್ಟಿದ, ತಾಯಿಯ ಹಾಲು ಸಿಗದ ಶಿಶುಗಳಿಗೆ ಬೇರೆ ತಾಯಂದಿರು ಕೊಟ್ಟ ಹಾಲನ್ನು ಪರೀಕ್ಷಿಸಿ, ಕಾಯಿಸಿ ಶುದ್ಧ ಮಾಡಿ, ತಣ್ಣಗಿಟ್ಟು ಕುಡಿಸುವ ವ್ಯವಸ್ಥೆ. ನಾನು ದಿನವೂ ಬ್ಯಾಂಕುಗಳ ಸಾಫ್ಟ್‌ವೇರ್ ಬರೆಯುವವನು, ಯಾರ ಖಾತೆಯಿಂದ ಯಾರ ಖಾತೆಗೆ ಎಂಬುದನ್ನು ಪೈಸೆ ಬಿಡದೆ ನೋಡುವುದೇ ನನ್ನ ಕೆಲಸ. ಈ ಬ್ಯಾಂಕಿನಲ್ಲಿ ಕೊಟ್ಟ ತಾಯಿಗೆ ಯಾವ ಮಗುವಿಗೆ ಹೋಯಿತೆಂದು ಗೊತ್ತಿಲ್ಲ. ಕುಡಿದ ಮಗುವಿಗೆ ಹಿಂದಿರುಗಿಸುವ ಸಾಲವೂ ಇಲ್ಲ. ನಗರ ಗಡಿಗೆ ತಳ್ಳಿದವರು ನಗರದ ಮಕ್ಕಳಿಗೆ ಹಾಲು ಕೊಟ್ಟರು. ಸಯನ್ ಬಗ್ಗೆ ಒಂದೇ ವಿಷಯ ಹೇಳು ಎಂದರೆ ನಾನು ಕೋಟೆಯನ್ನು ಬಿಟ್ಟು ಇದನ್ನೇ ಹೇಳುತ್ತೇನೆ.

ಬಂದು ಇಳಿದವರು

ಮುಂಬಯಿಗೆ 1896ರಲ್ಲಿ ಪ್ಲೇಗ್ ಬಂತು. ದಕ್ಷಿಣದ ಇಕ್ಕಟ್ಟಿನ ಗಲ್ಲಿಗಳಿಂದ ಜನರನ್ನು ಗಾಳಿ-ಬೆಳಕಿನ ಜಾಗಕ್ಕೆ ಹರಡಬೇಕು ಎಂದು 1898ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ದಾದರ್, ಮಾಟುಂಗ, ವಡಾಲಾ, ಸಯನ್‌ಗಳ ಗದ್ದೆ-ತೋಟದ ಮೇಲೆ ರಸ್ತೆಗಳ ಗೆರೆ ಎಳೆದದ್ದು ಅದೇ. ಗುಮಾಸ್ತರು, ಟೈಪಿಸ್ಟರು, ಶಿಕ್ಷಕರಾಗಿ ಬಂದ ದಕ್ಷಿಣದವರು ಇಲ್ಲಿ ನೆಲೆಸಿದರು. 1926ರಲ್ಲಿ ಮಾಟುಂಗದಲ್ಲಿ ಮೈಸೂರು ಅಸೋಸಿಯೇಷನ್ ಆಯಿತು. ಸ್ವಾತಂತ್ರ್ಯಕ್ಕೂ ಮೊದಲೇ ಕಟ್ಟಿಕೊಂಡ ದಕ್ಷಿಣ ಕನ್ನಡದ ಬ್ರಾಹ್ಮಣರ ಸಂಘದ ‘ಗೋಕುಲ’ ಸಯನ್‌ನಲ್ಲಿದೆ, ಗೋಪಾಲಕೃಷ್ಣನ ಗುಡಿಯೂ ಅಲ್ಲೇ. 1963ರಲ್ಲಿ ಬಾಗಿಲು ತೆರೆದ ಷಣ್ಮುಖಾನಂದ ಸಭಾಗೃಹ ಇಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿದೆ. 1990ರಲ್ಲಿ ಬೆಂಕಿಗೆ ತುತ್ತಾಗಿ 1998ರಲ್ಲಿ ಅದು ಮತ್ತೆ ಎದ್ದಿತು.

ಅತ್ತ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರದವರಿಗೆ 1956ರವರೆಗೆ ಮುಂಬಯಿ ಪರಊರೇ ಆಗಿರಲಿಲ್ಲ, ಅವರ ರಾಜಧಾನಿಯೇ ಇದಾಗಿತ್ತು. ರಾಜ್ಯಗಳ ಗಡಿ ಸರಿದಾಗ ಇಲ್ಲಿದ್ದವರು ಕೂತಲ್ಲೇ ಹೊರನಾಡ ಕನ್ನಡಿಗರಾದರು. ನಾವು ಗಡಿ ದಾಟಿ ಬಂದೆವು, ಅವರನ್ನು ಗಡಿಯೇ ದಾಟಿತು.

1947ರ ನಂತರ ಪಂಜಾಬಿನಿಂದ ನಿರಾಶ್ರಿತರು ಬಂದು ಸಯನ್ ಕೋಳಿವಾಡಾದ ಬ್ಯಾರಕ್‌ಗಳಲ್ಲಿ ಇಳಿದರು. ಕೋಳಿಗಳ ಮೀನು ಅಲ್ಲೇ ಇತ್ತು, ಪಂಜಾಬಿಗಳ ಕಡಲೆಹಿಟ್ಟು ಮತ್ತು ಓಂಕಾಳು ಜೊತೆಗೂಡಿತು. ಹುಟ್ಟಿದ್ದು ‘ಪ್ರಾನ್ಸ್ ಕೋಳಿವಾಡಾ’. ಕುಂದಾಪುರದವರ ಚಟ್ಲಿ, ತುಳುವರ ಎಟ್ಟಿ, ಕೆಂಪು ಮಸಾಲೆಯಲ್ಲಿ ಮುಳುಗಿ ಎದ್ದು ಮುಂಬಯಿಯ ಶೆಟ್ಟರ ಹೋಟೆಲುಗಳ ಮೂಲಕ ನಮ್ಮ ಕರಾವಳಿಗೂ ಬಂತು. ಮಂಗಳೂರಿನ ಮೆನು ಕಾರ್ಡಿನಲ್ಲಿ ‘ಕೋಳಿವಾಡಾ’ ಎಂದು ಓದಿ ಇದು ಕೋಳಿಯ ಪದಾರ್ಥ ಎಂದುಕೊಂಡವರಿದ್ದಾರೆ. ಅದು ಸಯನ್‌ನ ಒಂದು ಕೇರಿಯ ಹೆಸರು. ಆ ಕೇರಿಯ ನಿಲ್ದಾಣಕ್ಕೆ ಈಗ ಗುರು ತೇಗ್ ಬಹಾದ್ದೂರ್ ನಗರ ಎಂಬ ಹೆಸರಿದೆ. ಹಳೆಯ ಹೆಸರು ತಿಂಡಿಯ ತಟ್ಟೆಯಲ್ಲಿ ಉಳಿದಿದೆ.

ಕರಾವಳಿಯ ನಮಗೆ ಸಯನ್ ಎಂದರೆ ಮುಖ್ಯವಾಗಿ ಬಸ್ಸು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡುವವರೆಗೆ ಊರಿಗೆ ಹೋಗಲು ಘಟ್ಟದ ರಾತ್ರಿ ಬಸ್ಸುಗಳೇ ಗತಿ. ಈಗಲೂ ಉಡುಪಿ, ಮಂಗಳೂರು, ಹುಬ್ಬಳ್ಳಿ ಕಡೆಯ ಬಸ್ಸುಗಳು ಸಯನ್‌ನಲ್ಲಿ ಜನರನ್ನು ಹತ್ತಿಸಿಕೊಂಡೇ ಮುಂದೆ ಹೋಗುತ್ತವೆ. ಬೆಳಗಿನ ಹೊತ್ತು ಹೋಗಿ ನಿಂತರೆ ಡಿಕ್ಕಿಯಿಂದ ಕುಚ್ಚಲಕ್ಕಿ ಚೀಲ, ಹಲಸಿನ ಹಪ್ಪಳದ ಕಟ್ಟು, ತೆಂಗಿನೆಣ್ಣೆಯ ಡಬ್ಬಿ, ಯಾರದ್ದೋ ಮದುವೆಯ ಕಾಗದದ ಕಂತೆ ಇಳಿಯುತ್ತವೆ. ಸಂಜೆ ಅದೇ ಜಾಗದಲ್ಲಿ ಹೊಸ ಮಿಕ್ಸಿ, ಮಕ್ಕಳ ಸೈಕಲ್ಲು, ಔಷಧಿಯ ಪೊಟ್ಟಣ ಹತ್ತುತ್ತವೆ. ನಮ್ಮ ಬೀದಿಯ ಹೋಟೆಲಿನ ಶೆಟ್ಟರು ಬ್ಯಾಗು ಹಿಡಿದು ಹೊರಟ ಕನ್ನಡದವರನ್ನು ಕಂಡರೆ ಕೇಳುವುದು ಒಂದೇ ಪ್ರಶ್ನೆ: “ಎಂತ ಮಾರಾಯ್ರೆ, ಊರಿಗಾ?” ಅವರು ಹದಿನಾಲ್ಕನೇ ವಯಸ್ಸಿನಲ್ಲಿ ಇಂಥದೇ ಒಂದು ಬಸ್ಸಿನಿಂದ ಇಲ್ಲಿ ಇಳಿದವರು. ಮುಂದೆ ಎಲ್ಲಿಗೆ ಹೋಗಬೇಕು ಎಂದು ಗೊತ್ತಿರಲಿಲ್ಲ, ಹಾಗಾಗಿ ಇಲ್ಲೇ ಉಳಿದೆ ಎನ್ನುತ್ತಾರೆ. ಸಯನ್‌ನ ಅರ್ಧ ಜನಸಂಖ್ಯೆ ಹೀಗೇ ಆದದ್ದು ಎಂದು ನನಗೆ ಅನುಮಾನ.

ನೀರಿನ ನೆನಪು

ಮಳೆಗಾಲದಲ್ಲಿ ಸಯನ್ ತನ್ನ ಹಳೆಯ ರೂಪ ತೋರಿಸುತ್ತದೆ. ಒಂದೆರಡು ಗಂಟೆ ಜೋರು ಮಳೆ, ಅದೇ ಹೊತ್ತಿಗೆ ಸಮುದ್ರದಲ್ಲಿ ಭರತ. ಚರಂಡಿಯ ನೀರು ಕೊಲ್ಲಿಗೆ ಇಳಿಯುವುದಿಲ್ಲ, ಬದಲಾಗಿ ರಸ್ತೆಗೆ ಏರುತ್ತದೆ. ಗಾಂಧಿ ಮಾರ್ಕೆಟ್, ಕಿಂಗ್ಸ್ ಸರ್ಕಲ್, ಸಯನ್‌ನ ಹಳಿಗಳು ಟಿ.ವಿ. ಸುದ್ದಿಯಲ್ಲಿ ಪ್ರತಿವರ್ಷ ಬರುತ್ತವೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ ಮೀಠಿ ನದಿ ಉಕ್ಕಿ ಈ ತಗ್ಗು ಪ್ರದೇಶವೆಲ್ಲ ಕೊಲ್ಲಿಯಾಗಿತ್ತು. ಎಲ್ಲಿ ನೀರು ನಿಲ್ಲುತ್ತದೋ ಅಲ್ಲೆಲ್ಲ ಹಿಂದೆ ಗದ್ದೆಯೋ, ಆಗರವೋ, ತೋಡೋ ಇತ್ತು ಎಂದು ತಿಳಿಯಬಹುದು. ಜಾಗ ತುಂಬಿಸಿ ಕಟ್ಟಿದವರು ಮರೆತಿದ್ದಾರೆ, ನೀರು ಮರೆತಿಲ್ಲ.

ಆಗ ಬೆಲೆ ಬರುವುದು ಗುಡ್ಡಕ್ಕೆ. ಕೋಟೆಯ ಬುಡದಲ್ಲಿ ನೆಹರೂ ಹೆಸರಿನ ಉದ್ಯಾನ, ಪುರಾತತ್ವ ಇಲಾಖೆಯ ಮುಂಬಯಿ ವಿಭಾಗದ ಕಚೇರಿ ಇವೆ. ಮೇಲೆ ಮುರಿದ ಗೋಡೆಗಳ ನಡುವೆ ಪ್ರೇಮಿಗಳು, ವಾಕಿಂಗ್ ಹೋಗುವ ಹಿರಿಯರು, ಪರೀಕ್ಷೆಗೆ ಓದುವ ಹುಡುಗರು. ಮನೆಯಲ್ಲಿ ಒಂಟಿಯಾಗಿ ಕೂರಲು ಜಾಗವಿಲ್ಲದವರೆಲ್ಲ ಗುಡ್ಡ ಹತ್ತುತ್ತಾರೆ. ಗಡಿ ಕಾಯಲು ಕಟ್ಟಿದ್ದು ಕೊನೆಗೆ ಈ ಕೆಲಸಕ್ಕಾದರೂ ಬಂತು.

ಈಗ ಏನಾಗುತ್ತಿದೆ

1912ರಲ್ಲಿ ಕಟ್ಟಿದ ಸಯನ್‌ನ ರೈಲು ಮೇಲ್ಸೇತುವೆಯನ್ನು 2024ರ ಆಗಸ್ಟ್ ಒಂದರಿಂದ ವಾಹನಗಳಿಗೆ ಮುಚ್ಚಿದರು. ಹಳತಾಗಿ ಅಪಾಯದ ಸ್ಥಿತಿಯಲ್ಲಿತ್ತು. ಐದನೇ, ಆರನೇ ಹಳಿಗಳಿಗೂ ಜಾಗ ಬೇಕಿತ್ತು. ಕಾರಣ ಸರಿಯಾದದ್ದೇ. ಆದರೆ ಸೇತುವೆ ಹೋದ ಮೇಲೆಯೇ ನಮಗೆ ಗೊತ್ತಾದದ್ದು, ಪೂರ್ವದ ಸಯನ್ ಮತ್ತು ಪಶ್ಚಿಮದ ಧಾರಾವಿ ಒಂದೇ ಊರಿನ ಎರಡು ಮಗ್ಗುಲು ಎಂಬುದು. ಆಚೆಯ ಶಾಲೆಗೆ ಹೋಗುವ ಮಕ್ಕಳು, ಈಚೆಯ ಮನೆಗಳಿಗೆ ಕೆಲಸಕ್ಕೆ ಬರುವ ಹೆಂಗಸರು, ಆಸ್ಪತ್ರೆಗೆ ಬರಬೇಕಾದ ಆಂಬುಲೆನ್ಸು, ಎಲ್ಲರೂ ಸುತ್ತು ಹಾಕಬೇಕಾಯಿತು.

ಅದಕ್ಕಿಂತ ನಿಧಾನವಾಗಿ, ಸದ್ದಿಲ್ಲದೆ ಆಗುತ್ತಿರುವ ಬದಲಾವಣೆ ಇನ್ನೊಂದು: ರೀಡೆವಲಪ್‌ಮೆಂಟ್. ಮೂರಂತಸ್ತಿನ ಕಟ್ಟಡ ಕೆಡವಿ ಮೂವತ್ತು ಅಂತಸ್ತಿನದು ಕಟ್ಟುವುದು. ನಮ್ಮ ಕಟ್ಟಡದ ಸರದಿಯೂ ಬಂದಿದೆ. ತಿಂಗಳಿಗೊಂದು ಸಭೆ. ತಮಿಳರು, ಕಚ್ಛಿಗಳು, ಮರಾಠಿಗರು, ಒಂದು ಸಿಖ್ ಕುಟುಂಬ, ಎರಡು ಕನ್ನಡದ ಮನೆ, ಎಲ್ಲರೂ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತು ಚದರಡಿಯ ಲೆಕ್ಕ ಹಾಕುತ್ತಾರೆ. ಬಾಡಿಗೆಯವನಾದ ನನಗೆ ಅಲ್ಲಿ ಮತವಿಲ್ಲ. ಆದರೂ ಇಂಗ್ಲಿಷಿನ ಕರಾರುಪತ್ರ ಓದಿ ಹೇಳುವುದಕ್ಕೆ ಕರೆಯುತ್ತಾರೆ. ಕೆಳಗಿನ ಮನೆಯಲ್ಲಿ ಕಾರ್ಕಳದ ಕಡೆಯ ವಯಸ್ಸಾದ ದಂಪತಿ ಇದ್ದಾರೆ. ಪಗಡಿಯ ಮನೆ, ಅಂದರೆ ಹಿಂದೆ ಒಂದು ದೊಡ್ಡ ಮೊತ್ತ ಕೊಟ್ಟು ಹಿಡಿದು, ತಲೆಮಾರುಗಟ್ಟಲೆ ಸಣ್ಣ ಬಾಡಿಗೆಗೆ ಇರುವ ಮನೆ. ಹೊಸ ಕಟ್ಟಡ ಏಳಲು ನಾಲ್ಕು ವರ್ಷ ಎನ್ನುತ್ತಾರೆ. ಅಜ್ಜನಿಗೆ ಎಂಬತ್ತು ದಾಟಿದೆ. “ನಾಲ್ಕು ವರ್ಷ ಎಲ್ಲಿಗೆ ಹೋಗುವುದು? ಊರಿಗೆ ಹೋಗುವ ಎಂದರೆ ಊರಿನ ಮನೆ ಪಾಲಾಗಿ ಹೋಯಿತು” ಎಂದು ಅಜ್ಜಿ ನನ್ನನ್ನು ಕೇಳಿದರು. ಕರಾರುಪತ್ರದಲ್ಲಿ ಅದಕ್ಕೆ ಉತ್ತರ ಬರೆದಿರಲಿಲ್ಲ.

ಹೊಸ ಮನೆ ಬೇಡ ಎನ್ನುವಷ್ಟು ಮೂರ್ಖ ನಾನಲ್ಲ. ಸೋರುವ ಮಾಳಿಗೆ, ಕಂಬದಿಂದ ಉದುರುವ ಸಿಮೆಂಟು, ಲಿಫ್ಟಿಲ್ಲದ ಮೆಟ್ಟಿಲು ಯಾರಿಗೂ ಪ್ರೀತಿಯಲ್ಲ. ಆದರೆ ಹಿಂದೆ ಬಂದವರು ಇಲ್ಲಿ ಇಳಿದು ಉಳಿದದ್ದು ಇಲ್ಲಿ ಕಡಿಮೆ ಕಾಸಿಗೆ ಜಾಗ ಸಿಗುತ್ತಿತ್ತು ಎಂಬ ಕಾರಣಕ್ಕೆ. ಇನ್ನು ಮುಂದೆ ಬಸ್ಸಿನಿಂದ ಇಳಿಯುವ ಹದಿನಾಲ್ಕರ ಹುಡುಗನಿಗೆ, ದಿಕ್ಕಿಲ್ಲದ ಕುಟುಂಬಕ್ಕೆ ಸಯನ್‌ನಲ್ಲಿ ಜಾಗ ಸಿಗುವುದಿಲ್ಲ. ಅವರು ಇನ್ನೂ ದೂರದ ಗಡಿಗೆ, ಕಲ್ಯಾಣಕ್ಕೋ ವಿರಾರಿಗೋ ಹೋಗುತ್ತಾರೆ. ಈಗಾಗಲೇ ಕನ್ನಡದ ಮನೆಗಳು ಒಂದೊಂದಾಗಿ ಅತ್ತ ಹೋಗಿವೆ. ಕಾರ್ಯಕ್ರಮ ಇದ್ದಾಗ ಮಾತ್ರ ಎರಡು ಟ್ರೇನು ಬದಲಿಸಿ ಬರುತ್ತಾರೆ.

ನನಗೂ ಕಂಪನಿ ಬೆಂಗಳೂರಿಗೆ ವರ್ಗ ಕೊಡುತ್ತೇನೆ ಎಂದಿದೆ. ಹೆಂಡತಿಗೆ ಒಪ್ಪಿಗೆ, ಅಮ್ಮನಿಗಂತೂ ಸಂತೋಷ. ಸಯನ್ ಆಸ್ಪತ್ರೆಯ ಎದುರಿನ ರಸ್ತೆ ದಾಟಲು ಕಲಿತ ಮಗಳು ಮಾತ್ರ “ನಮ್ಮ ಊರು ಇದೇ ಅಲ್ವಾ ಅಪ್ಪ?” ಎನ್ನುತ್ತಾಳೆ. ಅವಳಿಗೆ ಕುಂದಾಪುರ ರಜೆಯ ಜಾಗ. ನಾನು ಇನ್ನೂ ತೀರ್ಮಾನಿಸಿಲ್ಲ. ಆದರೆ ಕಟ್ಟಡ ಕೆಡವುವ ಮೊದಲು ಕೆಳಗಿನ ಮನೆಯ ಅಜ್ಜ-ಅಜ್ಜಿಗೆ ಇದೇ ಬೀದಿಯಲ್ಲಿ, ಆಸ್ಪತ್ರೆಗೆ ನಡೆದು ಹೋಗುವಷ್ಟು ದೂರದಲ್ಲಿ ಬಾಡಿಗೆ ಮನೆ ಹುಡುಕಬೇಕು ಎಂದು ಸಭೆಯಲ್ಲಿ ನಾಲ್ಕು ಮನೆಯವರು ಒಪ್ಪಿಕೊಂಡಿದ್ದೇವೆ. ತಮಿಳು ಮಾಮಿ ಎರಡು ಮನೆ ನೋಡಿ ಬಂದಿದ್ದಾರೆ. ಸಿಖ್ ಕುಟುಂಬದ ಹುಡುಗ ಸಾಮಾನು ಸಾಗಿಸಲು ಟೆಂಪೊ ತರುತ್ತೇನೆ ಎಂದಿದ್ದಾನೆ. ಮೂವತ್ತು ಅಂತಸ್ತಿನಲ್ಲಿ ಇದು ಉಳಿಯುತ್ತದೆಯೋ ಗೊತ್ತಿಲ್ಲ, ಸದ್ಯಕ್ಕೆ ಇದೆ.

ಹೊರನಾಡಿನಲ್ಲಿರುವ ನಾವು ನಮ್ಮ ಊರಿನ ಸ್ಥಳಪುರಾಣವನ್ನು ಬಾಯಿಪಾಠ ಹೇಳುತ್ತೇವೆ, ಇರುವ ಊರಿನದನ್ನು ಕೇಳುವುದಿಲ್ಲ. ನೀವು ಪುಣೆಯಲ್ಲಿರಬಹುದು, ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ಇರಬಹುದು. ನಿಮ್ಮ ಬಡಾವಣೆಯ ಹಳೆಯ ಹೆಸರೇನು, ಅಲ್ಲಿ ಯಾವ ಕೆರೆ ಇತ್ತು, ಯಾರ ಗದ್ದೆ ಇತ್ತು, ನಗರದ ಗಡಿ ಆಗ ಎಲ್ಲಿತ್ತು ಎಂದು ಒಂದು ಭಾನುವಾರ ಹಳಬರನ್ನು ಕೇಳಿ ನೋಡಿ. ಕಟ್ಟಡ ಕೆಡವುವವರೆಗೆ ಕಾಯಬೇಡಿ. ಸಯನ್ ಕಡೆ ಬಂದರೆ ಸರ್ಕಲ್‌ನ ಟ್ರಾಫಿಕ್ಕಿನಲ್ಲೇ ದಾಟಿ ಹೋಗದೆ ಸ್ಲೋ ಲೋಕಲ್‌ನಲ್ಲಿ ಬಂದು ಇಳಿಯಿರಿ. ಗುಡ್ಡ ಹತ್ತಿ ಬಂದು ಶೆಟ್ಟರ ಹೋಟೆಲಿನಲ್ಲಿ ಕಾಫಿ ಕುಡಿಯೋಣ.